ಯಾರಿಗೆ ಯಾವ ಹೊಣೆ?

ನಿಮ್ಮ ಊರಿನ ಜಮಾಅತಿನ ಮಹಾಸಭೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಜುಮಾ ನಮಾಝ್ ಮುಗಿದಿದೆ. ಅರ್ಧದಷ್ಟು ಜನ ಊಟಕ್ಕೆ ಹೋಗಿದ್ದಾರೆ, ಉಳಿದವರು ಗೋಡೆಗೆ ಒರಗಿ ಕುಳಿತಿದ್ದಾರೆ. ಹಳೆಯ ಸಮಿತಿ ವಿಸರ್ಜನೆಯಾಗಿದೆ. ಅಧ್ಯಕ್ಷ ಸ್ಥಾನಕ್ಕೆ ಗಲ್ಫಿನಿಂದ ಬಂದು ನೆಲೆಸಿದ ಶ್ರೀಮಂತರೊಬ್ಬರ ಹೆಸರು ಬರುತ್ತದೆ, ಯಾರೂ ಎದುರು ಮಾತನಾಡುವುದಿಲ್ಲ. ಕಾರ್ಯದರ್ಶಿಯ ಸ್ಥಾನದ ಮಾತು ಬಂದಾಗ ಎಲ್ಲರೂ ತಲೆ ತಗ್ಗಿಸುತ್ತಾರೆ. ಕೊನೆಗೆ ಯಾರೋ ಒಬ್ಬರು, "ಅವರನ್ನೇ ಮಾಡಿ, ಒಳ್ಳೆಯವರು, ಬೇಡ ಎನ್ನುವ ಸ್ವಭಾವ ಅವರದಲ್ಲ" ಎನ್ನುತ್ತಾರೆ. ಕೈಗಳು ಮೇಲೇಳುತ್ತವೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ವ್ಯಕ್ತಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಮನೆಗೆ ಒಂದು ಹಳೆಯ ಸ್ಕೂಟರ್ ಕೊಳ್ಳುವಾಗಲೂ ನಾವು ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ.

ಅಂತಹ ಸಭೆಗಳಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಒಂದು ಶಿಕ್ಷಣ ಟ್ರಸ್ಟಿನಲ್ಲಿ ಒಬ್ಬ ಮಾಸ್ತರರಿದ್ದರು. ಶಾಲೆ ಬಿಟ್ಟು ಗ್ಯಾರೇಜಿಗೋ ಮೀನಿನ ದಕ್ಕೆಗೋ ಸೇರಿದ ಹುಡುಗರನ್ನು ಮರಳಿ ಶಾಲೆಗೆ ತರುವುದರಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಹುಡುಗನ ತಂದೆಯ ಜೊತೆ ಅಂಗಡಿಯ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾ ಊರ ಸುದ್ದಿ ಮಾತನಾಡುವರು, ಶಾಲೆಯ ಹೆಸರೆತ್ತುವುದಿಲ್ಲ. ಮೂರನೆಯ ಸಲ ಹೋದಾಗ ತಂದೆಯೇ ಆ ವಿಷಯ ತೆಗೆಯುತ್ತಿದ್ದ. ಎರಡು ವರ್ಷಗಳಲ್ಲಿ ಹದಿನಾಲ್ಕು ಮಕ್ಕಳು ಹೀಗೆ ಬಂದರು. ನಾವು ಅವರನ್ನು ಬಹಳ ಮೆಚ್ಚಿದೆವು. ಮೆಚ್ಚಿ ಏನು ಮಾಡಿದೆವು? ಕೋಶಾಧಿಕಾರಿಯಾಗಿ ನೇಮಿಸಿದೆವು. ಪ್ರಾಮಾಣಿಕರಲ್ಲವೇ, ಅವರ ಕೈಯಲ್ಲಿ ಹಣ ಭದ್ರವಾಗಿರುತ್ತದೆ ಎಂಬುದು ನಮ್ಮ ತರ್ಕ.

ಮಾಸ್ತರರಿಗೆ ಲೆಕ್ಕ ಬರೆಯುವುದು ಒಗ್ಗುತ್ತಿರಲಿಲ್ಲ. ರಶೀದಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ವೋಚರುಗಳು ಡೈರಿಯ ಹಾಳೆಗಳ ನಡುವೆ ಇರುತ್ತಿದ್ದವು. ಮೂರನೆಯ ವರ್ಷ ಲೆಕ್ಕ ತಪಾಸಣೆ ಮಾಡುವಾಗ ನಲವತ್ತೊಂದು ಸಾವಿರ ರೂಪಾಯಿ ತಾಳೆಯಾಗಲಿಲ್ಲ. ಯಾರೂ ಅವರನ್ನು ಕಳ್ಳ ಎಂದು ಕರೆಯಲಿಲ್ಲ. ಆದರೆ ಅವರು ಬಂದಾಗ ಮಾತು ನಿಲ್ಲುತ್ತಿತ್ತು. ಎರಡು ತಿಂಗಳ ಬಳಿಕ, ಬಾರದೆ ಹೋದ ಒಂದು ಚೆಕ್ಕನ್ನು ಬಂದ ದೇಣಿಗೆಗಳ ಪಟ್ಟಿಯಲ್ಲಿ ಬರೆದಿದ್ದುದು ಪತ್ತೆಯಾಯಿತು. ಒಂದು ರೂಪಾಯಿಯೂ ಎಲ್ಲಿಗೂ ಹೋಗಿರಲಿಲ್ಲ. ಅಷ್ಟರಲ್ಲಿ ಮಾಸ್ತರರು ರಾಜೀನಾಮೆ ಕೊಟ್ಟು, ಜುಮಾಕ್ಕೆ ಪಕ್ಕದ ಊರಿನ ಮಸೀದಿಗೆ ಹೋಗತೊಡಗಿದ್ದರು. ಮಕ್ಕಳನ್ನು ಕರೆತರುವ ಕೆಲಸವೂ ಅಲ್ಲಿಗೇ ನಿಂತಿತು. ಆ ಸಮಿತಿಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದವರಲ್ಲಿ ಒಬ್ಬನಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ಇತ್ತೀಚಿನ ದಶಕಗಳಲ್ಲಿ ಇಂತಹ ಅನಾಹುತಗಳನ್ನು ತಡೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಕೆಲವರು ಜಗತ್ತಿನಲ್ಲಿದ್ದಾರೆ. ಸೇವಾಸಂಸ್ಥೆಗಳಲ್ಲಿ ದುಡಿಯುವವರ ಸಾಮರ್ಥ್ಯ ಯಾವುದು ಎಂದು ಗುರುತಿಸಿ, ಅದನ್ನು ಬೆಳೆಸಿ, ಅವರು ಹೊಣೆ ಹೊರುವಂತೆ ಜೊತೆಗಿದ್ದು ನೆರವಾಗುವುದು ಅವರ ಕೆಲಸ. ಅವರನ್ನು ಕೋಚ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಕೋಚ್ ಎಂದರೆ ಕಬಡ್ಡಿಯವರು, ಕೋಚಿಂಗ್ ಎಂದರೆ ನೀಟ್ ಪರೀಕ್ಷೆಯ ಟ್ಯೂಷನ್. ಆದ್ದರಿಂದ ಮೊದಲು ಈ ಶಬ್ದದ ಗೊಂದಲ ಬಿಡಿಸುವುದು ಒಳ್ಳೆಯದು.

ಕೋಚ್ ಎಂದರೆ ಯಾರು?

ಹಂಗೇರಿ ದೇಶದಲ್ಲಿ ಕೋಚ್ ಎಂಬ ಒಂದು ಹಳ್ಳಿಯಿದೆ. ಅಲ್ಲಿ ತಯಾರಾಗುತ್ತಿದ್ದ ಹಗುರವಾದ ಕುದುರೆಗಾಡಿ ಯುರೋಪಿನಲ್ಲೆಲ್ಲ ಹೆಸರು ಮಾಡಿ ಹಳ್ಳಿಯ ಹೆಸರೇ ಗಾಡಿಗೂ ಬಂತು. ನಮ್ಮ ರೈಲಿನ ಡಬ್ಬಿಗೆ ಇಂದಿಗೂ ಅದೇ ಹೆಸರು. 19ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯೆಂಬ ಹೊಳೆ ದಾಟಿಸುವ ಖಾಸಗಿ ಶಿಕ್ಷಕನನ್ನು ತಮಾಷೆಗೆ ಕೋಚ್ ಎಂದರು. ಅಲ್ಲಿಂದ ಅದು ಆಟದ ಮೈದಾನಕ್ಕೆ ಹೋಯಿತು.

ಆಟದ ಮೈದಾನದಿಂದ ಕಚೇರಿಗೆ ಬಂದ ಕಥೆ ಇನ್ನೂ ಸ್ವಾರಸ್ಯವಾಗಿದೆ. ತಿಮೊಥಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ಶಿಕ್ಷಕ ಒಂದು ವಿಷಯ ಗಮನಿಸಿದರು. ಮೊಣಕೈ ಹೀಗಿಡು, ಕಾಲು ಹಾಗಿಡು ಎಂದು ತಾವು ಹೇಳಿದಷ್ಟೂ ಕಲಿಯುವವನು ಗಲಿಬಿಲಿಗೊಳ್ಳುತ್ತಿದ್ದ. ಹೇಳುವುದನ್ನು ಕಡಿಮೆ ಮಾಡಿ, ಚೆಂಡನ್ನು ಗಮನವಿಟ್ಟು ನೋಡುವಂತೆ ಮಾಡಿದರೆ ಅವನ ಕೈ ತಾನಾಗಿಯೇ ಸರಿಹೋಗುತ್ತಿತ್ತು. ಈ ಅನುಭವದ ಪುಸ್ತಕ 1974ರಲ್ಲಿ ಪ್ರಕಟವಾಯಿತು. ಕಾರ್ ರೇಸಿನ ಚಾಲಕರಾಗಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಅದೇ ವಿಧಾನವನ್ನು ಕಚೇರಿಗಳಿಗೆ ಹೊಂದಿಸಿ 1992ರಲ್ಲಿ ಒಂದು ಪುಸ್ತಕ ಬರೆದರು. ಅವರ ಹೆಸರಿನೊಂದಿಗೆ ಪ್ರಸಿದ್ಧವಾದ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಏನು ಆಗಬೇಕೆಂದು ನಿಮ್ಮ ಬಯಕೆ? ಈಗ ನಿಜವಾಗಿ ಏನಿದೆ? ಯಾವ ಯಾವ ದಾರಿಗಳಿವೆ? ಅವುಗಳಲ್ಲಿ ಯಾವುದನ್ನು, ಎಂದು ಮಾಡುತ್ತೀರಿ? ಇಂದಿಗೂ ಕೋಚ್ ಆಗಲು ಕಲಿಯುವ ಹೆಚ್ಚಿನವರು ಮೊದಲ ಪಾಠವಾಗಿ ಓದುವುದು ಇದನ್ನೇ.

ಅಂದರೆ ಕೋಚ್ ಉಪದೇಶಕನಲ್ಲ. ಅವನು ಕೇಳುತ್ತಾನೆ, ಆಲಿಸುತ್ತಾನೆ. ನಮ್ಮ ಸಮುದಾಯದಲ್ಲಿ ಭಾಷಣಕಾರರಿಗೆ ಎಂದೂ ಬರಗಾಲ ಬಂದದ್ದಿಲ್ಲ. ಒಬ್ಬ ಮನುಷ್ಯನ ಎದುರು ಒಂದು ತಾಸು ಸುಮ್ಮನೆ ಕುಳಿತು ಅವನ ಮಾತು ಕೇಳುವವರನ್ನು ಮಾತ್ರ ಹುಡುಕಬೇಕಾಗುತ್ತದೆ.

ಸಾಮರ್ಥ್ಯದ ಕಡೆಯಿಂದ ನೋಡುವುದು

ಮನುಷ್ಯನ ಕೊರತೆಗಳ ಬದಲು ಸಾಮರ್ಥ್ಯವನ್ನು ಮುಂದಿಟ್ಟು ನೋಡುವ ಕ್ರಮದೊಂದಿಗೆ ಡೊನಾಲ್ಡ್ ಕ್ಲಿಫ್ಟನ್ ಅವರ ಹೆಸರು ಸೇರಿಕೊಂಡಿದೆ. ಅವರು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದಲ್ಲಿ ಶೈಕ್ಷಣಿಕ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ದಿಕ್ಕು ತೋರಿಸುವ ಕೆಲಸ ಮಾಡಿ ಮರಳಿದವರು. ಮನುಷ್ಯನಲ್ಲಿ ಏನು ಕೆಟ್ಟಿದೆ ಎಂಬುದರ ಮೇಲೆಯೇ ಮನಶ್ಶಾಸ್ತ್ರದ ಪುಸ್ತಕಗಳೆಲ್ಲ ಇವೆ, ಏನು ಸರಿಯಿದೆ ಎಂಬುದನ್ನು ಯಾರೂ ಅಭ್ಯಸಿಸಿಲ್ಲ ಎಂಬುದು ಅವರಿಗೆ ಆಶ್ಚರ್ಯವಾಗಿ ಕಂಡಿತು. 1949ರಲ್ಲಿ ವಿಲಿಯಂ ಹಾಲ್ ಎಂಬವರೊಂದಿಗೆ ಸೇರಿ ಅವರು ಆರಂಭಿಸಿದ ಕಾರ್ಯಕ್ರಮ ಬಹಳ ಸರಳವಾಗಿತ್ತು. ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿ, ಊರಿನ ಶಾಲೆಯ ಒಬ್ಬ ಹುಡುಗ ಅಥವಾ ಹುಡುಗಿ. ಒಬ್ಬರಿಗೆ ಒಬ್ಬರು. ಚಿಕ್ಕವರಲ್ಲಿರುವ ಮುಂದಾಳ್ತನವನ್ನು ದೊಡ್ಡವರು ಗುರುತಿಸಿ ಬೆಳೆಸಬೇಕು. ಅಲ್ಲಿ ಲಾಭದ ಪ್ರಶ್ನೆಯೇ ಇರಲಿಲ್ಲ.

ಅವರ ವಿಚಾರ ವ್ಯಾಪಾರಕ್ಕೆ ಬಂದದ್ದು ಆಮೇಲೆ. 1969ರಲ್ಲಿ ಅವರು ಕಟ್ಟಿದ ಕಂಪೆನಿ 1988ರಲ್ಲಿ ಪ್ರಸಿದ್ಧ ಗ್ಯಾಲಪ್ ಸಂಸ್ಥೆಯನ್ನು ಕೊಂಡುಕೊಂಡಿತು. 2001ರಲ್ಲಿ ಮಾರ್ಕಸ್ ಬಕಿಂಗ್‌ಹ್ಯಾಮ್ ಜೊತೆ ಬರೆದ ಪುಸ್ತಕದಿಂದ ಅವರ ಪರೀಕ್ಷೆ ಮನೆಮಾತಾಯಿತು. ಅದು ಮನುಷ್ಯನ ಒಲವುಗಳನ್ನು 34 ಬಗೆಯಾಗಿ ವಿಂಗಡಿಸುತ್ತದೆ. ಪರೀಕ್ಷೆ ಬರೆಯುವವನ ಮುಂದೆ 177 ಜೋಡಿ ಹೇಳಿಕೆಗಳು ಒಂದರ ನಂತರ ಒಂದರಂತೆ ಬರುತ್ತವೆ, ಪ್ರತಿಯೊಂದಕ್ಕೂ 20 ಸೆಕೆಂಡು ಸಮಯ. ಕ್ಲಿಫ್ಟನ್ 2003ರಲ್ಲಿ ತೀರಿಕೊಂಡರು. ಮರುವರ್ಷ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ದಾರಿಯಿಂದ ಬಂದು, ಕೃತಜ್ಞತೆ, ನ್ಯಾಯಪ್ರಜ್ಞೆ, ಸಹನೆಗೆ ಹತ್ತಿರದ ಸ್ವನಿಯಂತ್ರಣ, ವಿನಯ ಮುಂತಾದ 24 ಚಾರಿತ್ರ್ಯಗುಣಗಳ ಪಟ್ಟಿ ಮಾಡಿದರು. ನನ್ನ ಮಟ್ಟಿಗೆ ಈ ಎರಡನೆಯದು ನಮ್ಮಂತಹವರಿಗೆ ಹೆಚ್ಚು ಹತ್ತಿರ. ಇದರ ಪರೀಕ್ಷೆಗೆ ಹಣವನ್ನೂ ಕೇಳುವುದಿಲ್ಲ.

ಸೇವಾಸಂಸ್ಥೆಗಳಲ್ಲಿ ನಾಯಕತ್ವವೆಂದರೇನು ಎಂಬುದನ್ನು ಬದುಕಿ ತೋರಿಸಿದ ಒಬ್ಬ ಮಹಿಳೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಫ್ರಾನ್ಸಿಸ್ ಹೆಸೆಲ್ಬೀನ್ ಪೆನ್ಸಿಲ್ವೇನಿಯಾದ ಒಂದು ಸಣ್ಣ ಪಟ್ಟಣದ ಗೃಹಿಣಿ. ನಾಯಕಿಯಿಲ್ಲದ ಹುಡುಗಿಯರ ಒಂದು ಸ್ಕೌಟ್ ತಂಡವನ್ನು ನೋಡಿಕೊಳ್ಳಿ ಎಂದು ಕೇಳಿದಾಗ, ತನಗೆ ಇರುವುದು ಗಂಡುಮಗ, ಹೆಣ್ಣುಮಕ್ಕಳ ವಿಷಯ ತಿಳಿಯದು ಎಂದು ಹಿಂಜರಿದವರು. ಕೆಲವು ವಾರಗಳ ಮಟ್ಟಿಗೆ ಎಂದು ಒಪ್ಪಿ, ವರ್ಷಗಟ್ಟಲೆ ಉಳಿದರು. 1976ರಲ್ಲಿ ಅಮೆರಿಕದ ಇಡೀ ಗರ್ಲ್ ಸ್ಕೌಟ್ಸ್ ಸಂಘಟನೆಯ ಮುಖ್ಯಸ್ಥೆಯಾದರು, 1990ರವರೆಗೂ ನಡೆಸಿದರು. ಆಡಳಿತಶಾಸ್ತ್ರದ ಪಂಡಿತ ಪೀಟರ್ ಡ್ರಕರ್ ಅವರ ಕೆಲಸವನ್ನು ಬಹಳ ಮೆಚ್ಚಿದ್ದರು. ಡ್ರಕರ್ ಲಾಭವಿಲ್ಲದ ಸಂಸ್ಥೆಗಳ ಆಡಳಿತದ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1990ರಲ್ಲಿ. ಅದೇ ವರ್ಷ ಅವರ ಹೆಸರಿನಲ್ಲಿ ಇಂತಹ ಸಂಸ್ಥೆಗಳ ನಾಯಕರಿಗಾಗಿ ಒಂದು ಪ್ರತಿಷ್ಠಾನ ಆರಂಭವಾಯಿತು, ಹೆಸೆಲ್ಬೀನ್ ಅದನ್ನು ಮುನ್ನಡೆಸಿದರು. 2022ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮನುಷ್ಯನ ಬಲವನ್ನು ಕೆಲಸಕ್ಕೆ ಹಚ್ಚಿ, ಅವನ ದೌರ್ಬಲ್ಯ ಅಡ್ಡಬಾರದಂತೆ ವ್ಯವಸ್ಥೆ ಮಾಡುವುದೇ ಸಂಘಟನೆಯ ಉದ್ದೇಶ ಎಂಬುದು ಡ್ರಕರ್ ಅವರು 1960ರ ದಶಕದಿಂದಲೂ ಹೇಳುತ್ತಾ ಬಂದ ಮಾತಿನ ಸಾರ.

ಕೆಲಸ ನಡೆಯುವ ಬಗೆ

ಈಗ ಕೋಚ್ ಒಂದು ಸಂಸ್ಥೆಗೆ ಬಂದು ಮಾಡುವುದಾದರೂ ಏನು? ಅನಾಥ ಹುಡುಗಿಯರ ಹಾಸ್ಟೆಲ್ ನಡೆಸುವ ಒಂದು ಟ್ರಸ್ಟ್ ಎಂದಿಟ್ಟುಕೊಳ್ಳಿ. ಅದನ್ನು ನೋಡಿಕೊಳ್ಳುವ ಮಹಿಳೆ ದಣಿದಿದ್ದಾರೆ, ಬಿಟ್ಟುಹೋಗುವ ಯೋಚನೆಯಲ್ಲಿದ್ದಾರೆ. ಟ್ರಸ್ಟಿನವರು ಕೋಚ್ ಒಬ್ಬರನ್ನು ಕರೆಸಿದ್ದಾರೆ. ಸಂಭಾಷಣೆ ಹೀಗೆ ಇರಬಹುದು:

"ಆಪಾ, ಕಳೆದ ತಿಂಗಳು ಯಾವ ಕೆಲಸ ಮಾಡುವಾಗ ನಿಮಗೆ ಗಡಿಯಾರ ನೋಡುವುದೇ ಮರೆತುಹೋಗಿತ್ತು?"

"ಹಾಗೆ ಏನಿಲ್ಲ. ಎಲ್ಲಾ ಕೆಲಸವೂ ಭಾರವೇ."

"ಒಂದು ದಿನವೂ ಇಲ್ಲವೇ?"

"ಒಂದು ದಿನ... ಹೊಸದಾಗಿ ಬಂದ ಹುಡುಗಿ ಊಟ ಬಿಟ್ಟಿದ್ದಳು. ಅವಳ ಜೊತೆ ಅಡಿಗೆಮನೆಯಲ್ಲಿ ಕುಳಿತು ಅಕ್ಕಿ ಆರಿಸಿದೆ. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಸರ್ ಬಾಂಗ್ ಆದಾಗಲೇ ಎಚ್ಚರ. ರಾತ್ರಿ ಅವಳು ಊಟ ಮಾಡಿದಳು."

"ಅಂತಹ ದಿನಗಳು ತಿಂಗಳಿಗೆ ಎಷ್ಟು?"

"ಎಲ್ಲಿ? ಬೆಳಿಗ್ಗೆಯಿಂದ ಬಿಲ್ಲು, ಸರಕಾರದ ಫಾರ್ಮು, ದೇಣಿಗೆಯವರಿಗೆ ಫೋನು."

"ಈ ಮೂರರಲ್ಲಿ ನೀವೇ ಮಾಡಬೇಕಾದದ್ದು ಯಾವುದು? ಬೇರೆಯವರು ನಿಮಗಿಂತ ಚೆನ್ನಾಗಿ ಮಾಡಬಲ್ಲದ್ದು ಯಾವುದು?"

ಇಲ್ಲಿ ಸ್ವಲ್ಪ ಮೌನವಿರುತ್ತದೆ. ನುರಿತ ಕೋಚ್ ಆ ಮೌನವನ್ನು ತುಂಬಲು ಹೋಗುವುದಿಲ್ಲ. ಉತ್ತರ ಆ ತಾಯಿಯ ಬಾಯಿಂದಲೇ ಬರಬೇಕು. ಕಚೇರಿಯಲ್ಲಿ ಕುಳಿತಿರುವ ಯುವ ಗುಮಾಸ್ತೆಗೆ ಫಾರ್ಮುಗಳೆಂದರೆ ಇಷ್ಟ, ಆದರೆ ಅವಳಿಗೆ ಸಹಿ ಮಾಡುವ ಅಧಿಕಾರವನ್ನು ಟ್ರಸ್ಟ್ ಕೊಟ್ಟಿಲ್ಲ ಎಂಬುದು ಹೀಗೆಯೇ ಹೊರಬರುತ್ತದೆ. ಮುಂದಿನ ಭೇಟಿಯ ಹೊತ್ತಿಗೆ ಒಂದೇ ಒಂದು ಬದಲಾವಣೆ ಮಾಡಿ ನೋಡುವುದೆಂದು ತೀರ್ಮಾನವಾಗುತ್ತದೆ. ಎರಡು ಮೂರು ವಾರಗಳಿಗೊಮ್ಮೆ, ಸುಮಾರು ಆರು ತಿಂಗಳು, ಈ ಮಾತುಕತೆ ಮುಂದುವರಿಯುತ್ತದೆ. ನಡುವೆ ಕೋಚ್ ಆಕೆಯ ಜೊತೆ ದುಡಿಯುವವರನ್ನೂ ಕಾಣಬಹುದು, ಒಂದು ಸಭೆಯಲ್ಲಿ ಮೂಲೆಯಲ್ಲಿ ಕುಳಿತು ಯಾರು ಮಾತನಾಡುತ್ತಾರೆ, ಯಾರನ್ನು ಮಾತನಾಡಲು ಬಿಡುವುದಿಲ್ಲ ಎಂದು ನೋಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೋಚ್‌ಗೆ ಹಣ ಕೊಡುವವರು ಟ್ರಸ್ಟಿನವರು, ಮನಸ್ಸು ಬಿಚ್ಚುವವರು ಆ ಮಹಿಳೆ. ಆಕೆ ಹೇಳಿದ್ದನ್ನು ಅಧ್ಯಕ್ಷರು ಕೇಳಿದರೆ ಹೇಳಬೇಕೇ? ಹೇಳಬಾರದು. ಗುರಿ ಏನು, ಎಷ್ಟು ಸಲ ಭೇಟಿಯಾಯಿತು ಎಂಬುದಷ್ಟೇ ಟ್ರಸ್ಟಿಗೆ, ಮಾತು ಅಮಾನತ್ ಎಂದು ಆರಂಭದಲ್ಲಿಯೇ ಮೂವರೂ ಕುಳಿತು ಬರೆದುಕೊಳ್ಳುತ್ತಾರೆ. ನಮ್ಮ ಕಮಿಟಿಗಳಲ್ಲಿ ಈ ಒಪ್ಪಂದವನ್ನು ಉಳಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾದೀತು ಎಂದು ನನ್ನ ಅನುಮಾನ.

ಸೇವಾಸಂಸ್ಥೆಗಳಿಗೆ ಇದು ಏಕೆ ಬೇಕು ಎಂದು ನೀವು ಕೇಳಬಹುದು. ಕಂಪೆನಿಯ ಮ್ಯಾನೇಜರನ ಕೈಯಲ್ಲಿ ಸಂಬಳ, ಬಡ್ತಿ ಇವೆ. ಸ್ವಯಂಸೇವಕನಿಗೆ ಬೇಸರವಾದರೆ ಅವನು ನಾಳೆ ಬರುವುದಿಲ್ಲ, ಅಷ್ಟೆ. ಜೊತೆಗೆ ದೇಣಿಗೆ ಕೊಟ್ಟವರೆಲ್ಲ ಯಜಮಾನರೇ. ಕೆಲಸ ಮುಗಿಯಿತು ಎನ್ನುವ ದಿನವೇ ಬಾರದು. 2006ರಲ್ಲಿ ಅಮೆರಿಕದ ಎಂಟು ನಗರಗಳಲ್ಲಿ ಸೇವಾಸಂಸ್ಥೆಗಳ ಸುಮಾರು ಎರಡು ಸಾವಿರ ಮುಖ್ಯಸ್ಥರನ್ನು ವಿಚಾರಿಸಿದಾಗ, ನಾಲ್ವರಲ್ಲಿ ಮೂವರು ಇನ್ನು ಐದು ವರ್ಷದಲ್ಲಿ ತಾವು ಈ ಸ್ಥಾನದಲ್ಲಿರುವುದಿಲ್ಲ ಎಂದಿದ್ದರು. ನಮ್ಮ ದೇಶದಲ್ಲಿ 2013ರ ಕಂಪೆನಿ ಕಾಯ್ದೆಯ ಬಳಿಕ ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ನ್ನು ಸಮಾಜಸೇವೆಗೆ ಕೊಡಬೇಕಾಗಿ ಬಂದು, ಸಂಸ್ಥೆಗಳ ಗಾತ್ರವೂ ಅವುಗಳನ್ನು ನಡೆಸುವವರ ಮೇಲಿನ ಒತ್ತಡವೂ ಬೆಳೆದವು. ಮುಂಬಯಿಯಲ್ಲಿ 1999ರಲ್ಲಿ ಆರಂಭವಾದ ದಸ್ರಾದಂತಹ ಸಂಸ್ಥೆಗಳು ಇಂತಹ ನಾಯಕರಿಗಾಗಿ ತರಬೇತಿ ನಡೆಸುತ್ತಾ ಬಂದಿವೆ.

ನಮ್ಮಲ್ಲಿ ಇತ್ತು ಎನ್ನುವ ಮಾತು

ಹೊಸ ವಿಚಾರ ಕೇಳಿದೊಡನೆ "ಇದೆಲ್ಲ ನಮ್ಮಲ್ಲಿ 1400 ವರ್ಷಗಳ ಹಿಂದೆಯೇ ಇತ್ತು" ಎಂದು ಹೇಳಿ ಪುಸ್ತಕ ಮುಚ್ಚುವ ಚಾಳಿ ನಮಗಿದೆ. ಪ್ರವಾದಿವರ್ಯರ(ಸ) ಚರಿತ್ರೆಯಲ್ಲಿತ್ತು, ನಿಜ. ನಮ್ಮ ಕಮಿಟಿಗಳಲ್ಲಿ ಇದೆಯೇ ಎಂಬುದು ಪ್ರಶ್ನೆ.

ಬಾಂಗಿನ ಆರಂಭದ ಘಟನೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಬಾಂಗಿನ ವಚನಗಳನ್ನು ಕನಸಿನಲ್ಲಿ ಕೇಳಿದವರು ಹ. ಅಬ್ದುಲ್ಲಾ ಬಿನ್ ಝೈದ್(ರ). ನಮ್ಮ ಲೆಕ್ಕದಲ್ಲಿ ಮೊದಲ ಬಾಂಗಿನ ಗೌರವ ಅವರಿಗೇ ಸಲ್ಲಬೇಕು. ಆದರೆ ಪ್ರವಾದಿವರ್ಯರು(ಸ) ಆ ವಚನಗಳನ್ನು ಹ. ಬಿಲಾಲ್(ರ)ರಿಗೆ ಕಲಿಸುವಂತೆ ಅವರಿಗೆ ಹೇಳಿದರು, ಏಕೆಂದರೆ ಬಿಲಾಲ್(ರ)ರ ಸ್ವರ ಹೆಚ್ಚು ಚೆನ್ನಾಗಿತ್ತು. ಹದಿಹರೆಯದ ಹ. ಝೈದ್ ಬಿನ್ ಸಾಬಿತ್(ರ)ರಲ್ಲಿ ಕಲಿಯುವ ಚುರುಕುತನ ಕಂಡು ಯಹೂದಿಯರ ಬರವಣಿಗೆಯನ್ನು ಕಲಿಯಲು ಹಚ್ಚಿದರು, ಅರ್ಧ ತಿಂಗಳಲ್ಲಿ ಅವರು ಕಲಿತರು. ಮೂಸಾ(ಅ)ರ ಪ್ರಾರ್ಥನೆ ಸೂರಃ ಅಲ್ ಕಸಸ್‌ನಲ್ಲಿದೆ. ತನಗಿಂತ ಸ್ಪಷ್ಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕಳುಹಿಸಬೇಕೆಂದು ಅವರು ಬೇಡಿಕೊಂಡರು. ತನಗೆ ಇಲ್ಲದ್ದು ಇನ್ನೊಬ್ಬನಲ್ಲಿದೆ ಎಂದು ಬಾಯಿಬಿಟ್ಟು ಹೇಳುವ ಅಧ್ಯಕ್ಷರನ್ನು ನೀವು ಎಷ್ಟು ಸಭೆಗಳಲ್ಲಿ ಕಂಡಿದ್ದೀರಿ?

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹ. ಅಬೂದರ್ರ್(ರ)ರ ವೃತ್ತಾಂತ. ಅವರ ಸತ್ಯಸಂಧತೆಯನ್ನು ಪ್ರವಾದಿವರ್ಯರೇ(ಸ) ಹೊಗಳಿದ್ದರು. ಅಂತಹವರು ಒಂದು ಹುದ್ದೆ ಕೇಳಿದಾಗ, ಪ್ರವಾದಿವರ್ಯರು(ಸ) ಅವರ ಭುಜದ ಮೇಲೆ ಕೈಯಿಟ್ಟು, ಈ ವಿಷಯದಲ್ಲಿ ಅವರು ದುರ್ಬಲರೆಂದೂ ಅಧಿಕಾರವೆಂಬುದು ಅಮಾನತ್ ಎಂದೂ ತಿಳಿಸಿದರು. ಇಬ್ಬರ ಮೇಲೂ ನಾಯಕನಾಗಬೇಡ, ಯತೀಮರ ಸೊತ್ತಿನ ಹೊಣೆ ಹೊರಬೇಡ ಎಂದು ಎಚ್ಚರಿಸಿದ್ದೂ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಯತೀಮರ ಸೊತ್ತು! ನಮ್ಮ ಮಾಸ್ತರರ ಕೈಗೆ ನಾವು ಒಪ್ಪಿಸಿದ್ದು ಅದನ್ನೇ ಅಲ್ಲವೇ? ಪ್ರಾಮಾಣಿಕತೆ ಒಂದಿದ್ದರೆ ಸಾಕು ಎಂದು ನಾವು ತಿಳಿದಿದ್ದೆವು. ಈ ಹದೀಸನ್ನು ನಾನು ಅದಕ್ಕಿಂತ ಮೊದಲು ಎಷ್ಟೋ ಸಲ ಓದಿದ್ದೆ. ಅಧಿಕಾರ ಬಯಸುವವರಿಗೆ ಹೇಳಿದ ಮಾತು ಎಂದಷ್ಟೇ ಓದಿದ್ದೆ. ನೇಮಿಸುವವರೂ ಅದರಿಂದ ಕಲಿಯುವುದಿದೆ ಎಂದು ಹೊಳೆದಿರಲಿಲ್ಲ.

ಮುಸ್ಲಿಮ್ ಸಂಘಟನೆಗಳಲ್ಲಿ ಈ ಕೊರತೆಯನ್ನು ಕಂಡು ಬರೆದವರೂ ಇದ್ದಾರೆ. ಇರಾಕ್ ಮೂಲದ ಇಂಜಿನಿಯರ್ ಹಿಶಾಮ್ ಅಲ್ ತಾಲಿಬ್ 1991ರಲ್ಲಿ ಇಸ್ಲಾಮೀ ಕಾರ್ಯಕರ್ತರಿಗಾಗಿ ಇಂಗ್ಲಿಷಿನಲ್ಲಿ ಒಂದು ತರಬೇತಿ ಕೈಪಿಡಿ ಪ್ರಕಟಿಸಿದರು. ಸಭೆ ನಡೆಸುವುದು, ಯೋಜನೆ ಮಾಡುವುದು, ಕೆಲಸ ಹಂಚುವುದು ಎಲ್ಲ ಅದರಲ್ಲಿವೆ. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ರಫೀಕ್ ಬೀಕುನ್ ಮತ್ತು ಕೆನಡಾದ ಜಮಾಲ್ ಬದವಿ 1999ರಲ್ಲಿ ಇಸ್ಲಾಮೀ ದೃಷ್ಟಿಯಿಂದ ನಾಯಕತ್ವದ ಬಗ್ಗೆ ಬರೆದರು.

ಎಚ್ಚರಿಕೆಯ ನಾಲ್ಕು ಮಾತು

ಈ ವಿಧಾನವನ್ನು ಕಣ್ಣುಮುಚ್ಚಿ ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಸಾಮರ್ಥ್ಯವೂ ಅತಿಯಾದರೆ ದೋಷವೇ. ರಾಬರ್ಟ್ ಕ್ಯಾಪ್ಲನ್ ಮತ್ತು ರಾಬರ್ಟ್ ಕೈಸರ್ ಎಂಬ ಇಬ್ಬರು ಸಲಹೆಗಾರರು 2013ರಲ್ಲಿ ಇದನ್ನೇ ವಿಷಯವಾಗಿಟ್ಟು ಪುಸ್ತಕ ಬರೆದಿದ್ದಾರೆ. ಬೇಗ ತೀರ್ಮಾನ ತೆಗೆದುಕೊಳ್ಳುವ ಅಧ್ಯಕ್ಷರು ಹೊಗಳಿಕೆಯಿಂದ ಉಬ್ಬಿದರೆ ಯಾರನ್ನೂ ಕೇಳದ ಸರ್ವಾಧಿಕಾರಿಯಾಗುತ್ತಾರೆ. ಎಲ್ಲರನ್ನೂ ಪ್ರೀತಿಸುವ ಕಾರ್ಯದರ್ಶಿಗೆ ತಪ್ಪು ಮಾಡಿದವನನ್ನು ತಿದ್ದಲು ನಾಲಿಗೆ ಏಳುವುದಿಲ್ಲ. ಪರೀಕ್ಷೆಯ ಫಲಿತಾಂಶ ಹಣೆಗೆ ಅಂಟಿಸಿದ ಚೀಟಿಯಾಗಬಾರದು. "ಅದು ನನ್ನ ಸ್ವಭಾವವಲ್ಲ" ಎಂದು ಕರ್ತವ್ಯದಿಂದ ಜಾರಿಕೊಳ್ಳಲೂ ಅದು ನೆಪವಾಗಬಾರದು. ಲೆಕ್ಕ ಬರೆಯುವುದು ನನ್ನ ಬಲವಲ್ಲ ಎನ್ನಬಹುದು, ಲೆಕ್ಕ ಕೊಡುವುದು ನನ್ನ ಬಲವಲ್ಲ ಎನ್ನಲಾಗದು.

ಇನ್ನೊಂದು, ಕಾರ್ಡು ಅಚ್ಚು ಹಾಕಿಸಿದವರೆಲ್ಲ ಕೋಚ್‌ಗಳಲ್ಲ. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೋಚ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಒಂದಿದೆ. ಅದರ ಆರಂಭದ ಅರ್ಹತಾಪತ್ರಕ್ಕೂ ಕನಿಷ್ಠ 60 ಗಂಟೆಗಳ ತರಬೇತಿ ಮತ್ತು 100 ಗಂಟೆಗಳ ಅನುಭವ ಬೇಕು. ಕರೆಸುವ ಮೊದಲು ಎಲ್ಲಿ ಕಲಿತಿರಿ, ಎಂತಹ ಸಂಸ್ಥೆಗಳಲ್ಲಿ ದುಡಿದಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮನಸ್ಸು ತೀರಾ ಕುಗ್ಗಿ ನಿದ್ದೆ ಊಟ ಬಿಟ್ಟವರಿಗೆ ಬೇಕಾದದ್ದು ವೈದ್ಯರು. ಒಳ್ಳೆಯ ಕೋಚ್ ಅದನ್ನು ತಾನೇ ಹೇಳಿ ಅಲ್ಲಿಗೆ ಕಳುಹಿಸುತ್ತಾನೆ.

ಮತ್ತೊಂದು ಮಾತು ಕಹಿಯಾದರೂ ಹೇಳಬೇಕು. ಸಂಸಾರ ಸಾಗಿಸಲಾಗದ ಸಂಬಳ ಕೊಟ್ಟು, ವರ್ಷಕ್ಕೊಮ್ಮೆ ಬದಲಾಯಿಸಿ, ಸಣ್ಣ ತಪ್ಪಿಗೂ ಕಮಿಟಿಯ ಮುಂದೆ ನಿಲ್ಲಿಸುವ ಮದ್ರಸದ ಉಸ್ತಾದರಿಗೆ ನಾಯಕತ್ವದ ಕೋಚಿಂಗ್ ಕೊಡಿಸುವುದು ಅವರನ್ನು ಅಣಕಿಸಿದಂತೆ. ಅಲ್ಲಿ ಸರಿಯಾಗಬೇಕಾದದ್ದು ಉಸ್ತಾದರ ಸಾಮರ್ಥ್ಯವಲ್ಲ. ಹೆಂಗಸರ ವಿಷಯವೂ ಹೀಗೆಯೇ. ಮನೆಯ ಬಜೆಟ್ಟನ್ನು ಇಪ್ಪತ್ತು ವರ್ಷ ಸಾಲವಿಲ್ಲದೆ ನಡೆಸಿದ ಒಬ್ಬ ಸಹೋದರಿ ನಮ್ಮ ಟ್ರಸ್ಟಿನ ಎದುರಿನ ಮನೆಯಲ್ಲೇ ಇದ್ದರು. ಕೋಶಾಧಿಕಾರಿ ಬೇಕಾದಾಗ ಆ ಮನೆಯ ಕಡೆ ನಮ್ಮಲ್ಲಿ ಒಬ್ಬನೂ ನೋಡಲಿಲ್ಲ.

ಸಣ್ಣ ಊರಿನ ಜಮಾಅತಿಗೆ ಕೋಚನ್ನು ಕರೆಸುವ ಹಣ ಎಲ್ಲಿಂದ ಬರಬೇಕು ಎಂದು ನೀವು ಕೇಳುವುದು ಸಹಜ. ಕೆಲವು ಕಡೆ ಕೋಚ್‌ಗಳು ಸೇವಾಸಂಸ್ಥೆಗಳಿಗೆ ಉಚಿತವಾಗಿ ಅಥವಾ ಕಡಿಮೆ ದರಕ್ಕೆ ಸಮಯ ಕೊಡುತ್ತಾರೆ, ಕೇಳಿ ನೋಡಬಹುದು. ಅದಾಗದಿದ್ದರೂ ಇಬ್ಬರು ಕಾರ್ಯಕರ್ತರು ತಿಂಗಳಿಗೊಮ್ಮೆ ಕುಳಿತು, ಅರ್ಧ ತಾಸು ಒಬ್ಬರು ಕೇಳುವುದು, ಅರ್ಧ ತಾಸು ಇನ್ನೊಬ್ಬರು ಕೇಳುವುದು ಎಂದು ಮಾಡಿಕೊಳ್ಳಬಹುದು. ಸಲಹೆ ಕೊಡಬಾರದು ಎಂಬುದೊಂದೇ ಷರತ್ತು. ಮೊದಲ ಸಲ ನಾನು ಮಾಡಿದಾಗ ಐದು ನಿಮಿಷದೊಳಗೆ ಮೂರು ಸಲಹೆ ಕೊಟ್ಟುಬಿಟ್ಟಿದ್ದೆ. ಹೊಸ ಸಮಿತಿ ರಚಿಸುವಾಗ ಹೆಸರುಗಳ ಪಟ್ಟಿ ಮಾಡುವ ಮೊದಲು ಕೆಲಸಗಳ ಪಟ್ಟಿ ಮಾಡಬಹುದು. ಮನೆಯಲ್ಲಿಯೂ ಮಗಳ ಅಂಕಪಟ್ಟಿ ಬಂದಾಗ 38 ಬಂದ ವಿಷಯಕ್ಕೆ ಹೋಗುವ ಮುನ್ನ, 91 ಬಂದದ್ದು ಹೇಗೆ ಬಂತು ಎಂದು ಅವಳ ಬಾಯಿಂದ ಕೇಳಬಹುದು. 38ರ ಮಾತು ಆಮೇಲೆ ಇದ್ದೇ ಇದೆ.

ಕಳೆದ ರಮಝಾನಿನಲ್ಲಿ ಇಫ್ತಾರಿಗೆ ಮುಂಚೆ ನಾನು ಮಾಸ್ತರರ ಮನೆಗೆ ಹೋಗಿದ್ದೆ. ಹೋಗಲು ಇಷ್ಟು ವರ್ಷ ಬೇಕಾಯಿತು. ಹೇಳಬೇಕಾದದ್ದನ್ನು ಹೇಗೋ ಹೇಳಿದೆ. ಅವರು ಸುಮ್ಮನೆ ಕೇಳಿ, "ಆ ಚೆಕ್ಕು ಬಾರದ್ದು ನನಗೆ ಗೊತ್ತೇ ಇರಲಿಲ್ಲ" ಎಂದರು. ಅವರ ಜಗಲಿಯಲ್ಲಿ ಚಾಪೆ ಹಾಸಿ ಒಂಬತ್ತು ಮಕ್ಕಳು ಲೆಕ್ಕ ಬಿಡಿಸುತ್ತಿದ್ದರು, ಅದರಲ್ಲಿ ಇಬ್ಬರು ಬಿಹಾರದಿಂದ ಬಂದ ಕೂಲಿಯವರ ಮಕ್ಕಳು. "ಶಾಲೆ ಬಿಟ್ಟವರೋ?" ಎಂದೆ. "ಬಿಟ್ಟಿದ್ದರು" ಎಂದರು. ಹೊರಡುವಾಗ, ಟ್ರಸ್ಟಿನ ಶಾಲೆಯಲ್ಲಿ ಹಳೆಯ ಬೆಂಚುಗಳಿದ್ದರೆ ಎರಡು ಸಿಗಬಹುದೇ, ಮಳೆಗಾಲದಲ್ಲಿ ಚಾಪೆ ಒದ್ದೆಯಾಗುತ್ತದೆ ಎಂದು ಕೇಳಿದರು. ಬೆಂಚುಗಳನ್ನು ಮರುದಿನವೇ ಕಳುಹಿಸಿದೆವು. ಅವರನ್ನು ಟ್ರಸ್ಟಿಗೆ ಮರಳಿ ಕರೆಯುವ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ. ಯಾವ ಹುದ್ದೆ ಎಂಬ ಕಾಲಂ ಅನ್ನು ಈ ಸಲ ಖಾಲಿ ಬಿಟ್ಟಿದ್ದೇವೆ, ಅವರನ್ನೇ ಕೇಳಿ ತುಂಬಬೇಕೆಂದು.